ನರಿಯಕ್ಕನ ಗೋಣಿ ಕೋಟು

ನಾನು ಅವಳನ್ನು ಮೊದಲು ಕಂಡದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ. ಗೋದಾಮಿನಿಂದ ಬಂದ ಹರಿದ ಚೀಲಗಳನ್ನು ಮುಂದೆ ರಾಶಿ ಹಾಕಿಕೊಂಡು ತೇಪೆ ಹಾಕುತ್ತ ಕೂತಿದ್ದೆ. ಗಂಡ ತೀರಿಕೊಂಡ ಮೇಲೆ ಅದೇ ನನ್ನ ಕಸುಬು. ಬಾಯಲ್ಲಿ ದಾರ, ಕೈಯಲ್ಲಿ ದಬ್ಬಳ. ಮೇಲೆ ನೆರಳು ಬಿತ್ತು. ತಲೆ ಎತ್ತಿದರೆ ಎತ್ತರದ ಒಬ್ಬ ಹೆಂಗಸು, ಕಂಕುಳಲ್ಲಿ ನಾಲ್ಕು ಖಾಲಿ ಚೀಲ.

“ಒಂದು ಕೋಟು ಹೊಲಿದು ಕೊಡ್ತೀರಾ?” ಅಂದಳು.

“ನಾನು ಚೀಲ ಹೊಲಿಯೋಳು ಕಣಮ್ಮ. ಕೋಟಿಗೆ ಮೂಲೆಯಲ್ಲಿ ದರ್ಜಿ ಇದ್ದಾನಲ್ಲ.”

“ಅವನು ನಕ್ಕುಬಿಟ್ಟ. ನನಗೆ ಗೋಣೀದೇ ಬೇಕು.”

“ಯಾರ ಅಳತೆಗೆ?”

“ಯಾರ ಅಳತೆಗೂ ಅಲ್ಲ. ಯಾರು ಹಾಕ್ಕೊಂಡ್ರೂ ಒಂದೇ ಥರ ಕಾಣ್ಬೇಕು. ತಲೆಯಿಂದ ಪಾದದವರೆಗೆ ಮುಚ್ಬೇಕು, ಮುಖ ಕಾಣ್ಬಾರ್ದು. ಗುಂಡಿ ಮಾತ್ರ ಬೇಡ. ಕಿತ್ತು ನುಂಗಿಬಿಡ್ತವೆ.”

“ಯಾರು, ಮಕ್ಕಳಾ?”

“ಒಂಥರಾ ಮಕ್ಕಳೇ ಅನ್ನಿ.”

ರಸ್ತೆಯಲ್ಲಿ ಸಾಮಾನಿನ ವ್ಯಾನು ನಿಂತಿತ್ತು. ಅದರ ಕಿಟಕಿಯಿಂದ ಒಬ್ಬ ತಲೆ ಹೊರಗೆ ಹಾಕಿ ಕೂಗಿದ: “ಹೆದರ್ಬೇಡಿ ಚಿಕ್ಕಮ್ಮಾ! ನಮ್ಮಕ್ಕನಿಗೆ ಹುಚ್ಚು ಪೂರ್ತಿ ಹಿಡಿದಿಲ್ಲ, ಮುಕ್ಕಾಲು ಅಷ್ಟೇ!”

ಅವಳು ತಿರುಗಿ ನೋಡದೆಯೇ ಹೇಳಿದಳು, “ಉಳಿದ ಕಾಲು ತುಂಬಿಸೋಕೆ ನೀನಿದ್ದೀಯಲ್ಲ.”

ನನಗೆ ಇಬ್ಬರೂ ಹಿಡಿಸಿದರು. ಚೀಲಗಳನ್ನು ಬಿಚ್ಚಿ ಅಗಲ ಮಾಡಿ, ದೊಗಳೆಯಾಗಿ ಒಂದು ನಿಲುವಂಗಿಯ ಹಾಗೆ ಹೊಲಿದೆ. ತಲೆಗೆ ಟೊಪ್ಪಿಗೆ ಅದಕ್ಕೇ ಸೇರಿಸಿದೆ. ಕಣ್ಣಿನ ಜಾಗದಲ್ಲಿ ಅಡ್ಡ ಎಳೆಗಳನ್ನು ಒಂದು ಬಿಟ್ಟು ಒಂದು ಕಿತ್ತೆ. ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೊರಗಿದ್ದವರಿಗೆ ಒಳಗಿನದು ಕಾಣುವುದಿಲ್ಲ. ಗುಂಡಿಯ ಬದಲು ಅದೇ ಗೋಣಿಯ ಲಾಡಿ. ಅವಳು ಹಾಕಿಕೊಂಡು ನೋಡಿದಳು. ತಮ್ಮನಿಗೂ ಹಾಕಿಸಿದಳು. ಅವನು ಅವಳಷ್ಟೇ ಎತ್ತರ. ನಾನೇ ಹೊಲಿದವಳು, ಆದರೂ ಎದುರಿಗೆ ನಿಂತರೆ ಒಳಗೆ ಯಾರೆಂದು ನನಗೇ ತಿಳಿಯಲಿಲ್ಲ. “ಇದೇ ಬೇಕಿತ್ತು,” ಅಂದಳು.

ಅವಳನ್ನು ಊರೆಲ್ಲ ನರಿಯಕ್ಕ ಅನ್ನುತ್ತಿತ್ತು. ಎದುರಿಗೆ ಕರೆದರೂ ಓಗೊಡುತ್ತಿದ್ದಳು. ಈಗ ಅವಳಿಲ್ಲ, ಹೋದ ಬೇಸಿಗೆಯ ಮುಂಚೆ ತೀರಿಕೊಂಡಳು. ಅವಳ ವಿಷಯ ಗೊತ್ತಿಲ್ಲದವರು ಏನೇನೋ ಹೇಳುತ್ತಾರೆ. ಕೊನೆಕೊನೆಗೆ ಅವಳೇ ಪ್ರಾಣಿಗಳಿಗೆ ಕಲ್ಲು ಹೊಡೆದಳಂತೆ ಎಂದು ನಲ್ಲಿಯ ಹತ್ತಿರ ಒಬ್ಬಳು ನನ್ನೆದುರೇ ಅಂದಳು. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಅವಳು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಆಯಾ. ಬಾಯ್ಲರ್ ಕೋಣೆಯ ಹಿಂದೆ ಒಂದು ನರಿಮರಿ ಸಿಕ್ಕಿತ್ತು. ತಾಯಿ ಲಾರಿಗೆ ಸಿಕ್ಕಿ ಸತ್ತಿತ್ತು. ಇವಳು ಮರಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು. ಕತ್ತಿನ ಸುತ್ತ ಸುತ್ತಿಕೊಂಡು ಮಲಗುತ್ತಿತ್ತಂತೆ. ದೊಡ್ಡದಾದ ಮೇಲೆ ಅಕ್ಕ ತಮ್ಮ ಇಬ್ಬರೂ ಅದನ್ನು ಗುಡ್ಡದ ಆಚೆ ಬಿಟ್ಟು ಬಂದರು. ಅದು ಗುಡ್ಡದಲ್ಲಿ ನಿಲ್ಲಲಿಲ್ಲ. ಊರಿಗೆ ಬಂದು ಬ್ರೆಡ್ ಅಂಗಡಿಯ ಬಾಗಿಲಲ್ಲಿ ಕೂತಿತು. ಮನುಷ್ಯರನ್ನು ಕಂಡು ಓಡದ ನರಿ ಅಂದರೆ ಹುಚ್ಚುನರಿಯೇ ಇರಬೇಕು ಎಂದು ಅಂಗಡಿಯವನು ಸನಿಕೆಯಲ್ಲಿ ಹೊಡೆದ.

“ಸನಿಕೆ ಎತ್ತಿದ್ರೂ ಓಡ್ಲಿಲ್ವಂತೆ,” ಎಂದು ನನಗೆ ಹೇಳಿದ್ದಳು. “ಬಾಲ ಅಲ್ಲಾಡಿಸ್ತಾ ಕೂತಿತ್ತಂತೆ. ಸನಿಕೆ ಅಲ್ಲ ಅದನ್ನ ಕೊಂದಿದ್ದು, ನನ್ನ ಮುದ್ದು.”

ಆಮೇಲೆ ಅವಳು ಆಸ್ಪತ್ರೆ ಬಿಟ್ಟು ಇದನ್ನೇ ಕೆಲಸ ಮಾಡಿಕೊಂಡಳು. ಊರಾಚೆ ಮುಚ್ಚಿಹೋದ ಐಸ್ ಫ್ಯಾಕ್ಟರಿ ಇತ್ತು, ಅದರ ಯಜಮಾನ ಹೇಗಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದ. ದಪ್ಪ ಬಾಗಿಲಿನ ತಣ್ಣನೆಯ ಕೋಣೆಗಳಲ್ಲಿ ರೆಕ್ಕೆ ಮುರಿದ ಗೂಬೆ, ಹದ್ದು. ಐಸ್ ಕಟ್ಟುವ ಉದ್ದನೆಯ ತೊಟ್ಟಿಗಳಲ್ಲಿ ನೀರು ತುಂಬಿಸಿ ಆಮೆ, ಕೊಕ್ಕರೆ. ಐಸ್ ತುಂಡು ಎಳೆಯುವ ಕೊಕ್ಕೆಗಳಿಗೆ ಬಲೆ ಕಟ್ಟಿ ಪಂಜರ. ಅವಳು ಆಮೇಲೆ ಕೇಳಿದ ಎರಡನೇ ಕೋಟು ಕೊಡಲು ಹೋದ ನಾನು ಹರಿದ ಬಲೆ ನೋಡಿ ಕೂತು ಹೊಲಿದೆ. ಮರುದಿನವೂ ಹೋದೆ. ಚೀಲ ಹೊಲಿಯುವುದು ಬೆಳಗ್ಗೆಗಾಯಿತು, ಮಧ್ಯಾಹ್ನ ಪೂರ್ತಿ ಅಲ್ಲಿ. ಹೀಗೆ ವರ್ಷಗಳು ಹೋದವು.

ಅಲ್ಲಿಯ ನಿಯಮ ಇಷ್ಟೇ. ಮರಿಗಳ ಕೋಣೆಗೆ ಹೋಗುವವರು ಯಾರೇ ಆಗಲಿ ಕೋಟು ಹಾಕಬೇಕು. ಒಳಗೆ ಮಾತಿಲ್ಲ, ಮುದ್ದಿಲ್ಲ, ಹೆಸರಿಡುವ ಹಾಗಿಲ್ಲ. ಮರಿಗೆ ಮನುಷ್ಯನ ಮುಖ, ಮನುಷ್ಯನ ದನಿ ಒಳ್ಳೆಯದೆಂದು ಗೊತ್ತಾಗಲೇಬಾರದು. ಹಾಲು ಕೊಡುವುದು ಕೋಟು, ಅಷ್ಟೇ. ಬಿಟ್ಟು ಬಂದ ಮೇಲೆ ಆ ಜಾಗಕ್ಕೆ ಕೋಟು ಹಾಕಿಕೊಂಡು ಯಾರೂ ಹೋಗಬಾರದು. ಕಾಣದೆ ಹೋದರೆ ಕೋಟನ್ನೂ ಮರೆಯುತ್ತವೆ, ಲೋಕದಲ್ಲಿ ನಂಬುವಂಥದ್ದು ಅವುಗಳಿಗೆ ಏನೂ ಉಳಿಯುವುದಿಲ್ಲ.

“ಅನಾಥಾಲಯದಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ,” ಎಂದು ಒಮ್ಮೆ ಅಂದೆ.

“ಅಲ್ಲಿ ಬೆಳೆದವರು ಜನದ ಮಧ್ಯೆ ಬದುಕ್ಬೇಕು. ಇವು ಜನದಿಂದ ತಪ್ಪಿಸ್ಕೊಂಡು ಬದುಕ್ಬೇಕು,” ಅಂದಳು.

ತಮ್ಮನ ಮಾತು ಹೇಳಬೇಕು. ತಾಯಿ ಹೋದಾಗ ಅವನು ಇನ್ನೂ ಅಂಬೆಗಾಲಿನವನು. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯ ಮಾತು ಬಂದಾಗಲೆಲ್ಲ “ಇವನು ಒಂದು ದಡ ಸೇರ್ಲಿ” ಅನ್ನುತ್ತ ಅವಳ ವಯಸ್ಸೇ ದಾಟಿತು. ಅವನು ವ್ಯಾನು ಓಡಿಸುತ್ತಿದ್ದ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಮೀನು ತರುವುದು, ಪಂಜರ ಹೊರುವುದು, ಗುಣವಾದವನ್ನು ಬಿಟ್ಟು ಬರುವುದು. ಬಾಯಿ ಸುಮ್ಮನಿರದ ಮನುಷ್ಯ. ನಾನು ಮೀನು ಕೊಯ್ಯುತ್ತ ಕೂತಿದ್ದರೆ ಪಕ್ಕದಲ್ಲೇ ಕುಕ್ಕರಿಸಿ, “ಚಿಕ್ಕಮ್ಮಾ, ಆ ಗೂಬೆ ಮುಖ ನೋಡಿದ್ರೆ ನಮ್ಮ ಬಾಡಿಗೆ ಮನೆ ಯಜಮಾನನ ನೆನಪಾಗಲ್ವಾ?” ಅನ್ನುವನು. ಅವನ ಅಂಗಿಗೆ ಎಷ್ಟು ಸಲ ತೇಪೆ ಹಾಕಿಕೊಟ್ಟೆನೋ ಲೆಕ್ಕವಿಲ್ಲ. ಊರಲ್ಲಿ ಅವನಿಗೆ ಅಕ್ಕನ ಬಾಲ ಎಂದು ಅಡ್ಡಹೆಸರು. ಕೇಳಿದರೆ ನಗುತ್ತಿದ್ದ. ನಾವು ಅದನ್ನು ನಗು ಎಂದೇ ನಂಬಿದ್ದೆವು.

ಕೋಟು ತೊಳೆಯುವ ಕೆಲಸವೂ ಅವನದೇ. ಸೋಪಿನ ವಾಸನೆ ಬಂದರೆ ಮರಿಗಳು ಹಾಲು ಮುಟ್ಟುವುದಿಲ್ಲ, ಆದ್ದರಿಂದ ಕೋಟನ್ನು ಬರೀ ಹೊಳೆಯ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಒದ್ದೆ ಗೋಣಿ ಕಲ್ಲಿನಷ್ಟು ಭಾರ, ನಮ್ಮಿಬ್ಬರಿಂದ ಎತ್ತಲಾಗುತ್ತಿರಲಿಲ್ಲ. ಅವನು ವ್ಯಾನಿನಲ್ಲಿ ಒಯ್ದು, ಸೇತುವೆಯ ಕೆಳಗೆ ತೊಳೆದು, ಒಣಗಿಸಿ ತರುತ್ತಿದ್ದ. ಕೆಲವು ಸಲ ತಡವಾಗುತ್ತಿತ್ತು. ಬಿಸಿಲಿರಲಿಲ್ಲ ಅನ್ನುತ್ತಿದ್ದ. ಇರಬಹುದು ಅಂದುಕೊಳ್ಳುತ್ತಿದ್ದೆವು.

ಹೊಳೆಯ ದಂಡೆ ಕುಸಿದ ವರ್ಷ ಎರಡು ನೀರುನಾಯಿ ಮರಿಗಳು ಬಂದವು. ಒಂದು ಗಂಡು, ಒಂದು ಹೆಣ್ಣು. ಮುಷ್ಟಿಯಷ್ಟೇ ಇದ್ದವು, ಕಣ್ಣು ಆಗ ತಾನೇ ಬಿಟ್ಟಿದ್ದವು. ಹೆಸರಿಡುವ ಹಾಗಿಲ್ಲವಲ್ಲ, ದೊಡ್ಡದು, ಚಿಕ್ಕದು ಅನ್ನುತ್ತಿದ್ದೆವು. ನೀರುನಾಯಿಗೆ ಈಜು ಹುಟ್ಟುತ್ತಲೇ ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ತಾಯಿ ಕತ್ತು ಕಚ್ಚಿ ನೀರಿಗೆ ಎಳೆಯಬೇಕು. ನರಿಯಕ್ಕ ಕೋಟು ಹಾಕಿಕೊಂಡು ಐಸಿನ ತೊಟ್ಟಿಗೆ ತಾನೇ ಇಳಿಯುತ್ತಿದ್ದಳು. ಅವು ಅಂಚಿನಲ್ಲಿ ನಿಂತು ಕೀಚುತ್ತಿದ್ದವು, ಹೆದರಿಕೆಯಾದರೆ ಓಡಿ ಬಂದು ಕೋಟಿನ ಅಂಚಿನೊಳಗೆ ನುಗ್ಗುತ್ತಿದ್ದವು. ಅವಳು ಬೈಯುವ ಹಾಗಿಲ್ಲ, ರಮಿಸುವ ಹಾಗೂ ಇಲ್ಲ. ಸುಮ್ಮನೆ ಮತ್ತೆ ನೀರಿಗೆ ಬಿಡುತ್ತಿದ್ದಳು. ಅವಳ ಎದೆಗೆ ಆಗ ಹಿಡಿದ ಕೆಮ್ಮು ಮತ್ತೆ ಬಿಡಲೇ ಇಲ್ಲ.

ಹೊರಗೆ ಬಂದು ಟೊಪ್ಪಿಗೆ ಸರಿಸಿದಾಗ ಮಾತ್ರ ಮುಖ ತುಂಬ ನಗು. “ಚಿಕ್ಕದು ಇವತ್ತು ಮುಳುಗ್ತು ಕಣ್ರೀ! ಮುಳುಗಿ ಮೀನು ಹಿಡ್ಕೊಂಡೇ ಎದ್ದಿದ್ದು!”

ವರ್ಷ ತುಂಬಿದ ಮೇಲೆ ಹೊಳೆಯ ಮೇಲಿನ ತಿರುವಿನಲ್ಲಿ ಎರಡನ್ನೂ ಬಿಟ್ಟೆವು. ಆ ಜಾಗ ಗೊತ್ತಿದ್ದದ್ದು ನಮ್ಮ ಮೂವರಿಗೆ. ಪಂಜರದ ಬಾಗಿಲು ತೆಗೆದವನು ತಮ್ಮ. ಅವು ನೀರಿಗಿಳಿದು ತಿರುಗಿಯೂ ನೋಡದೆ ಹೋದವು. ನರಿಯಕ್ಕ ದೂರದ ಪೊದೆಯ ಹಿಂದೆ ನಿಂತು, “ಹಾಗೇ ಹೋಗ್ರೋ, ಹಾಗೇ ಹೋಗಿ,” ಅನ್ನುತ್ತಿದ್ದಳು. ಅವಳ ಮೇಲೆ ಕೋಟಿರಲಿಲ್ಲ.

ಚಳಿಗಾಲ ಬಂತು. ಒಂದು ಬೆಳಗ್ಗೆ ಮೀನುಕೊಳದ ಕಾವಲಿನವನು ಬುಟ್ಟಿ ಹೊತ್ತುಕೊಂಡು ಬಂದ. ಮೇಲೆ ಬಾಳೆಲೆ ಮುಚ್ಚಿತ್ತು.

“ಅಕ್ಕಾ, ನನಗೆ ಇಂಜೆಕ್ಷನ್ ಬೇಕಾ ಹೇಳಿ,” ಅಂದ. “ಹುಚ್ಚು ಹಿಡಿದಿದ್ದು ಇದು. ನೇರ ನನ್ನ ಕಾಲಿಗೇ ಬಂತು. ಕಚ್ಚಿಲ್ಲ, ಆದ್ರೆ ಮೂಗು ತಾಗಿಸ್ತು. ಕೈಯಲ್ಲಿ ಕೋಲಿತ್ತು, ಹೊಡೆದೆ.”

ಬುಟ್ಟಿಯಲ್ಲಿ ದೊಡ್ಡದು. ಕಿವಿಯ ತುದಿಯ ಸೀಳಿನಿಂದ ಗುರುತು ಸಿಕ್ಕಿತು. ನರಿಯಕ್ಕ ಅದರ ಬಾಯಿ ಬಿಡಿಸಿ ನೋಡಿದಳು, ಒಸಡು ಒತ್ತಿ ನೋಡಿದಳು, ಹೊಟ್ಟೆ ಮುಟ್ಟಿದಳು. ಚೆನ್ನಾಗಿ ತಿಂದು ಬೆಳೆದ ಮೈ.

“ಹುಚ್ಚಿಲ್ಲ,” ಅಂದಳು. “ನಿಮಗೇನೂ ಆಗಲ್ಲ. ನೀವು ಆವಾಗ ಏನು ಹಾಕ್ಕೊಂಡಿದ್ರಿ?”

“ಏನು ಅಂದ್ರೆ? ಚಳಿ ಅಲ್ವಾ, ತಲೆ ಮೇಲೆ ಒಂದು ಗೋಣಿ ಹೊದ್ಕೊಂಡಿದ್ದೆ.”

ಅವಳು ಬಾಳೆಲೆಯನ್ನು ಮತ್ತೆ ದೊಡ್ಡದರ ಮೇಲೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ತಿಂಗಳಾಯ್ತಲ್ಲ, ಮರೆತಿರ್ಬೇಕಿತ್ತು,” ಅಂದಳು. “ಕೋಟು ಕಾಣದೆ ಇಷ್ಟು ತಿಂಗಳು ಹೇಗೆ ನೆನಪಿಟ್ಕೊಂಡಿತ್ತು?”

ಕಾವಲಿನವನು ಖಾಲಿ ಮಾಡಿದ ಬುಟ್ಟಿ ಎತ್ತಿಕೊಳ್ಳುತ್ತ ಹೇಳಿದ: “ಕಾಣದೆ ಏನು? ಈಗೀಗ ನಿಮ್ಮ ತಮ್ಮ ತಿರುವಿನ ಹತ್ರ ಬರ್ತಾರಲ್ಲ. ಗೋಣಿ ಹಾಕ್ಕೊಂಡು ನಿಂತ್ರೆ ಎರಡೂ ಓಡಿ ಬರ್ತವೆ. ದೋಣಿ ತುಂಬ ಜನ ಬಂದು ನೋಡ್ತಾರೆ. ನಮ್ಮ ಹೆಂಗಸರೂ ನೋಡ್ಕೊಂಡು ಬಂದ್ರು. ನಿಮಗೆ ಗೊತ್ತಿಲ್ವಾ?”

ನನ್ನ ಕೈಯಲ್ಲಿ ಮೀನು ಕೊಯ್ಯುವ ಚಾಕು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ತಮ್ಮ ಎಂದಿನ ಹಾಗೆ ಹಾರನ್ ಹೊಡೆಯುತ್ತ ಬಂದ. ವ್ಯಾನಿನ ಹಿಂದೆ ಒಣಗಿದ ಕೋಟು. “ಚಿಕ್ಕಮ್ಮಾ, ಚಹಾ ಇದೆಯಾ?” ಎಂದು ಇಳಿದವನು ನಮ್ಮ ಮುಖ ನೋಡಿ ನಿಂತ. ಬುಟ್ಟಿ ಇದ್ದ ಜಾಗದಲ್ಲಿ ದೊಡ್ಡದನ್ನು ಮಲಗಿಸಿದ್ದೆವು. ಅದನ್ನು ನೋಡಿ ಅಲ್ಲೇ ಕುಕ್ಕರಿಸಿದ.

“ಒಂದೇ ದಿನ ಅಂದ್ಕೊಂಡಿದ್ದೆ ಅಕ್ಕಾ,” ಅಂದ. “ಕೋಟು ಕಂಡ್ರೆ ಬರ್ತವೆ ಅಂದ್ರೆ ದೋಣಿಯವನು ನಂಬ್ಲಿಲ್ಲ. ತೋರಿಸಿದೆ. ಆಮೇಲೆ ಅವನ ದೋಣಿಗೆ ಬಂದೋರು ಕೇಳಿದ್ರು. ಚಪ್ಪಾಳೆ ಹೊಡೆದ್ರು ಅಕ್ಕಾ. ನನಗೆ! ಇಷ್ಟು ವರ್ಷ ನಿನ್ನ ಹಿಂದೆ ಪಂಜರ ಹೊತ್ತೆ, ಒಬ್ಬರಾದ್ರೂ ನನ್ನ ಕಡೆ ನೋಡಿದ್ರಾ? ಅಲ್ಲಿ ನಾನು ನಿಂತ್ರೆ ಮಕ್ಕಳೆಲ್ಲ ಉಸಿರು ಬಿಗಿ ಹಿಡಿದು ನೋಡ್ತಿದ್ರು.”

“ಮುಖ ತೋರಿಸಿದ್ಯಾ ಅವಕ್ಕೆ?”

“ಇಲ್ಲಪ್ಪ! ಆಣೆ. ಅವು ನೀರಿಗೆ ಹೋದ ಮೇಲೇ ಟೊಪ್ಪಿ ತೆಗೀತಿದ್ದೆ. ಮಾತೂ ಆಡಿಲ್ಲ. ಅಲ್ಲಿಗೆ ಹೋಗಿದ್ದು ಬಿಟ್ರೆ ನಿನ್ನ ನಿಯಮ ಒಂದೂ ಮುರಿದಿಲ್ಲ.”

ನರಿಯಕ್ಕ ನಕ್ಕಳು. ಅವಳು ಅಳುತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಅದೇ ಕಣೋ ಆಗಿದ್ದು,” ಅಂದಳು. “ಮುಖ ತೋರಿಸಿ ಸಾಕಿದ್ರೆ ಅವು ನಿನ್ನ ಮುಖ ಬೇರೆ, ನನ್ನ ಮುಖ ಬೇರೆ ಅಂತ ತಿಳ್ಕೊಳ್ತಿದ್ವು. ನಾನೇ ಮುಚ್ಕೊಂಡೆ. ನೀನು ಬಂದ್ರೂ ನಾನೇ, ಆ ಕಾವಲಿನವನು ಬಂದ್ರೂ ನಾನೇ.”

“ನೀನೇ ಅಲ್ವಾ ಹಾಗೆ ಬೆಳೆಸಿದ್ದು? ಈಗ ನನ್ನೊಬ್ಬನ ತಲೆಗೆ ಕಟ್ಟಬೇಡ.”

“ಹೌದು. ನಿನ್ನನ್ನೂ ನಾನೇ ಬೆಳೆಸಿದ್ದು.”

ಅವನು ನನ್ನ ಕಡೆ ನೋಡಿದ. “ಚಿಕ್ಕಮ್ಮಾ, ನೀವಾದ್ರೂ ಹೇಳಿ.”

ಅವನ ತೋಳಿನ ಮೇಲೆ ಹಿಂದಿನ ವಾರವಷ್ಟೇ ನಾನು ಹಾಕಿದ ತೇಪೆ ಕಾಣುತ್ತಿತ್ತು. ಬಿಸಿಲಿರಲಿಲ್ಲ ಎಂದು ಅವನು ಹೇಳಿದ ದಿನಗಳೆಲ್ಲ ಒಂದೊಂದಾಗಿ ನೆನಪಾದವು. ಆ ದಿನಗಳಲ್ಲೆಲ್ಲ ಬಂದು ನನ್ನ ಪಕ್ಕವೇ ಕೂತು, ಗೂಬೆಯ ಮಾತಾಡಿ ನಗಿಸಿ, ಚಹಾ ಕುಡಿದು ಹೋಗಿದ್ದ. ನಾನು ಎದ್ದು ವ್ಯಾನಿನಿಂದ ಕೋಟು ಇಳಿಸಿಕೊಂಡೆ. ನರಿಯಕ್ಕ ಕೈ ಚಾಚಿದಳು, ಅವನು ಫ್ಯಾಕ್ಟರಿಯ ಬೀಗದ ಕೈ ಕೊಟ್ಟು ಹೊರಟ. ವ್ಯಾನು ತಿರುಗಿಸುವಾಗ ಅವನು ಅಳುತ್ತಿದ್ದ. ಅದನ್ನೂ ಬರೆಯಬೇಕು. ಆದರೆ ಅವಳು ಅತ್ತ ನೋಡಲಿಲ್ಲ.

ಉಳಿದದ್ದು ಚಿಕ್ಕದು. ಕೋಟು ಕಂಡರೆ ಅದೂ ಹೋಗುತ್ತದೆ, ಗೋಣಿ ಹೊದ್ದವರು ಯಾರಿದ್ದರೂ ಹೋಗುತ್ತದೆ. ಚಳಿಗಾಲದಲ್ಲಿ ಹೊಳೆಯ ದಡದಲ್ಲಿ ಗೋಣಿ ಹೊದೆಯದವರು ಯಾರು?

“ಹಿಡಿದು ತಂದುಬಿಡೋಣ,” ಅಂದೆ.

“ತಂದ್ರೆ ಸಾಯೋವರೆಗೂ ಐಸಿನ ತೊಟ್ಟಿ. ಅದಕ್ಕೆ ಈಗ ಮೀನು ಹಿಡಿಯೋಕೆ ಬರತ್ತೆ, ಬಿಲ ತೋಡ್ಕೊಂಡಿದೆ. ಒಂದನ್ನ ನಂಬತ್ತೆ ಅನ್ನೋದು ಬಿಟ್ರೆ ಬೇರೆ ಕೊರತೆ ಇಲ್ಲ.” ಆಮೇಲೆ ಕೋಟನ್ನು ಮಡಚುತ್ತ ಹೇಳಿದಳು, “ಆ ಒಂದನ್ನೂ ಕಿತ್ಕೋಬೇಕು. ಕೋಟಿಂದಾನೇ ಪೆಟ್ಟು ತಿನ್ಬೇಕು ಅದು.”

ನಡೆದೇ ಹೋದೆವು. ತಿರುವಿನಲ್ಲಿ ನಾನು ಪೊದೆಯ ಹಿಂದೆ ನಿಂತೆ. ಅವಳು ಕೋಟು ಹಾಕಿಕೊಂಡು ನೀರಿನ ಅಂಚಿಗೆ ಇಳಿದಳು, ಮುಷ್ಟಿಯಲ್ಲಿ ಕಲ್ಲು. ಸ್ವಲ್ಪ ಹೊತ್ತಿಗೆ ಆಚೆ ದಡದ ಬೇರಿನ ಸಂದಿನಿಂದ ಸಿಳ್ಳೆಯ ಹಾಗೆ ಸದ್ದು ಬಂತು. ಚಿಕ್ಕದು ನೀರು ಸೀಳಿಕೊಂಡು ಬಂದು ಮೈ ಕೊಡವಿ, ಅವಳ ಪಾದಗಳ ಮೇಲೆ ಮುಂಗಾಲಿಟ್ಟು ನಿಂತಿತು. ಕೋಟಿನ ಅಂಚು ಮೂಸಿತು. ಒಂಟಿಯಾಗಿ ಎಷ್ಟು ಹೊತ್ತಾಗಿತ್ತೋ, ಸುತ್ತ ಸುತ್ತ ತಿರುಗಿ ಕೀಚುತ್ತಲೇ ಇತ್ತು. ಅವಳ ಕೈ ಮೇಲೇರಿತು. ಅಲ್ಲೇ ನಿಂತಿತು. ಆಮೇಲೆ ಅವಳು ಕುಸಿದು ಕೂತಳು. ಅದು ಮಡಿಲು ಹತ್ತಿತು.

ಪೊದೆಯ ಹಿಂದೆ ತಿರುಗಿ ಬಂದಾಗ ಅವಳು ಏದುಸಿರು ಬಿಡುತ್ತಿದ್ದಳು. ಕೋಟು ಬಿಚ್ಚಿ ನನ್ನ ಮುಂದೆ ಹಿಡಿದಳು. ಬಾಯಿಬಿಟ್ಟು ಕೇಳಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಹೊಲಿದ ಕೋಟನ್ನು ಮರಿಗಳ ಮುಂದೆ ಎಷ್ಟೋ ಸಲ ಹಾಕಿದ್ದೇನೆ. ಆವತ್ತು ಒಳಗೆ ಅವಳ ಮೈಯ ಬಿಸಿ ಇನ್ನೂ ಇತ್ತು.

ಮೊದಲ ಕಲ್ಲು ತಪ್ಪಿತು. ಚಿಕ್ಕದು ಮೀನೆಂದು ತಿಳಿದು ಓಡಿ ಹೋಗಿ ಅದನ್ನು ಮೂಸಿತು. ಎರಡನೆಯದು ಬೆನ್ನಿಗೆ ತಾಗಿತು. ಕಿರುಚಿತು. ಕಿರುಚಿಕೊಂಡು ಓಡಿ ಬಂದದ್ದು ನನ್ನ ಕಡೆಗೇ. ಹೆದರಿದಾಗ ಓಡಬೇಕಾದ ಜಾಗ ಎಂದು ಅದಕ್ಕೆ ಗೊತ್ತಿದ್ದದ್ದು ಅದೊಂದೇ. ಕೋಟಿನ ಅಂಚಿನೊಳಗೆ ತಲೆ ತೂರಿಸಿ ನಡುಗುತ್ತಿತ್ತು. ನಾನು ಕಾಲಿನಿಂದ ಒದ್ದೆ. ಬಿದ್ದಿದ್ದ ಕೋಲು ತೆಗೆದುಕೊಂಡು ಹೊಡೆದೆ. ಅದು ಹಿಂದಕ್ಕೆ ಸರಿದು, ನನ್ನನ್ನು ನೋಡುತ್ತ, ನೋಡುತ್ತಲೇ ನೀರಿಗಿಳಿಯಿತು.

“ತಾಗ್ತಾ?” ಎಂದು ಪೊದೆಯ ಹಿಂದಿನಿಂದ ಕೇಳಿದಳು. ಅವಳು ಬೆನ್ನು ತಿರುಗಿಸಿ ಕೂತಿದ್ದಳು. ತಾಗಿತು ಅಂದೆ.

ಮರುದಿನವೂ ಹೋದೆವು. ಆವತ್ತು ಅದು ಹತ್ತಿರ ಬರಲಿಲ್ಲ, ನಡು ಹೊಳೆಯಲ್ಲಿ ತಲೆ ಎತ್ತಿ ಕಾಯುತ್ತಿತ್ತು. ಕಲ್ಲು ಬಿದ್ದ ಮೇಲೆ ಮುಳುಗಿತು. ಆಮೇಲಿನ ಸಲ ನಾನು ಪೊದೆ ದಾಟುವ ಮೊದಲೇ ನೀರಿನಲ್ಲಿ ಒಂದು ಗೆರೆ ಎದ್ದು ದೂರ ಹೋಯಿತು, ಮೈ ಕಾಣಲೇ ಇಲ್ಲ. “ಸಾಕು,” ಅಂದಳು. “ಈಗ ಬದುಕ್ಕೊಳ್ಳತ್ತೆ.” ಮಾರನೇ ತಿಂಗಳು ಮೀನುಕೊಳದ ಕಾವಲಿನವನು, ಗೋಣಿ ಹೊದ್ದು ದಡಕ್ಕೆ ಹೋದರೆ ನೀರುನಾಯಿ ಓಡಿಹೋಗುತ್ತದೆ ಎಂದು ದೂರುವ ಹಾಗೆ ಹೇಳಿದ. ಕೇಳಿ ಅವಳು ತಲೆಯಾಡಿಸಿದಳು, ಅಷ್ಟೇ.

ಹೊಳೆಯ ಚಳಿ ಅವಳ ಎದೆಗೆ ಇಳಿದಿತ್ತು. ಗೂಬೆಗಳನ್ನು, ಆಮೆಗಳನ್ನು ಒಂದೊಂದಾಗಿ ಬಿಟ್ಟು ಬಂದೆವು, ಹೊಸದಾಗಿ ಪ್ರಾಣಿ ತಂದವರನ್ನು ಬಾಗಿಲಿಂದಲೇ ಕಳಿಸಿದೆ. ತಮ್ಮ ಎರಡು ಸಲ ಬಂದು ಹೊರಗೆ ನಿಂತು ಹೋದ. ಒಳಗೆ ಕರೆಯಲೇ ಎಂದು ಕೇಳಿದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಮಾತು ಕಡಿಮೆಯಾಯಿತು. ಔಷಧಿ ಕೊಟ್ಟರೆ ಕುಡಿಯುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ದಿಂಬಿನ ಚೀಲ ಬದಲಿಸುತ್ತಿದ್ದೆ. ತಲೆಯನ್ನು ನನ್ನ ತೋಳಿನ ಮೇಲೆ ಇಟ್ಟುಕೊಂಡಿದ್ದೆ, ಹಕ್ಕಿಯಷ್ಟು ಹಗುರ. ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ಕೇಳಿದಳು:

“ಕಲ್ಲು ಹೊಡೆದಾಗ ಒಳಗಿದ್ದಿದ್ದು ನಾನಲ್ಲ ಅಂತ ಅದಕ್ಕೆ ಗೊತ್ತಾಗಿರತ್ತಾ?”